ಬೆಳಗ್ಗೆ ಏಳೂವರೆಗೆ ಜಾಜ್: ಮಡಿಕೇರಿಯ ಪಾರ್ಕಿನಲ್ಲಿ ಉಚಿತ ಬೇಸಿಗೆ ಸಂಗೀತ ಕಛೇರಿ ನಡೆಸುವುದು ಹೇಗೆ

ಮೊದಲ ವರ್ಷ ನಾವು ಎಲ್ಲರೂ ಮಾಡುವ ಹಾಗೇ ಮಾಡಿದೆವು. ಏಪ್ರಿಲ್ ತಿಂಗಳು, ಸಂಜೆ ಐದೂವರೆ, ಸಣ್ಣ ವೇದಿಕೆ, ಬಣ್ಣದ ಲೈಟು, ಬೆಂಗಳೂರಿನಿಂದ ಬಂದ ನಾಲ್ಕು ಜನರ ಬ್ಯಾಂಡ್. ಐದು ಗಂಟೆಗೆ ಸೌಂಡ್ ಚೆಕ್ ಮುಗಿಯಿತು. ಐದೂ ಇಪ್ಪತ್ತಕ್ಕೆ ಬೆಟ್ಟದ ಮೇಲೆ ಮೋಡ ಕಪ್ಪಾಯಿತು. ಐದೂ ಮುಕ್ಕಾಲಿಗೆ ಬಾಡಿಗೆಗೆ ತಂದ ಸೌಂಡ್ ಮಿಕ್ಸರ್ ಒಳಗೆ ನೀರು.

ನಮಗೆ ಅಳು ಬರುವುದೊಂದು ಬಾಕಿ. ಆದರೆ ಓಡಿಹೋಗಿ ಅಂಗಡಿ ಜಗಲಿಯಲ್ಲಿ ನಿಂತವರೆಲ್ಲ ನಗುತ್ತಿದ್ದರು. ತೋಟ ಇದ್ದವರಿಗೆ ಬೇಕಿದ್ದ ಮಳೆ ಅದು. ಒಬ್ಬ ಹಿರಿಯರು ಹತ್ತಿರ ಬಂದು, "ಇವ್ರನ್ನ ಮುಂದಿನ ವರ್ಷ ಮಾರ್ಚ್‌ನಲ್ಲೇ ಕರೀರಿ, ಹೂ ಮಳೆಗೆ ಆಗುತ್ತೆ" ಅಂದರು. ಕಾಫಿ ಹೂ ಬಿಡಲು ಬೇಕಾದ ಮಳೆಗೆ ನಮ್ಮಲ್ಲಿ ಹೂ ಮಳೆ ಅನ್ನುತ್ತಾರೆ. ಕೊಡಗಿನಲ್ಲಿ ಬೇಸಿಗೆ ಮಳೆಯನ್ನು ಬೈದರೆ ನಿಮ್ಮ ಪರ ಯಾರೂ ನಿಲ್ಲುವುದಿಲ್ಲ.

ಆಮೇಲೆ ನಾವು ಕಾರ್ಯಕ್ರಮವನ್ನು ಬೆಳಗ್ಗೆಗೆ ಹಾಕಿದೆವು. ಭಾನುವಾರ ಏಳೂವರೆಯಿಂದ ಒಂಬತ್ತೂವರೆ. ಅದೊಂದನ್ನು ಬದಲಿಸಿದ್ದಕ್ಕೆ ಅರ್ಧ ತಲೆನೋವು ಹೋಯಿತು. ನಿಮ್ಮೂರಿನ ಪಾರ್ಕಿನಲ್ಲಿ ಇಂಥದ್ದೊಂದು ಸರಣಿ ಮಾಡಬೇಕು ಅಂತ ಇದ್ದರೆ, ಮಡಿಕೇರಿ ಇರಲಿ, ವಿರಾಜಪೇಟೆ ಇರಲಿ, ಸೋಮವಾರಪೇಟೆ ಇರಲಿ, ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್ ಹಿಡಿಯಿರಿ

ಕಲಾವಿದರಿಗೆ ಫೋನ್ ಮಾಡುವ ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಿ. ನಮ್ಮಲ್ಲಿ ಜನ ಯಾವಾಗ ಬಿಡುವಾಗಿರುತ್ತಾರೆ ಅನ್ನುವುದನ್ನು ಕಾಫಿ ಹೇಳುತ್ತದೆ. ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ ಕೊಯ್ಲು, ಒಣಗಿಸುವುದು, ಕರಿಮೆಣಸು. ಇದೆಲ್ಲ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ. ಜೂನ್ ಮೊದಲ ವಾರಕ್ಕೆ ಮುಂಗಾರು ಹತ್ತಿರ ಬಂದಿರುತ್ತದೆ, ಅದು ಬಂದ ಮೇಲೆ ಪಾರ್ಕ್ ಕೇಳುವುದೇ ಬೇಡ. ಉಳಿಯುವುದು ಏಪ್ರಿಲ್ ಎರಡನೇ ವಾರದಿಂದ ಮೇ ಮಧ್ಯದವರೆಗಿನ ಐದು ವಾರ.

ಆ ಐದು ವಾರದಲ್ಲೂ ಪೈಪೋಟಿ ಇದೆ. ಕೊಡವ ಕುಟುಂಬಗಳ ಹಾಕಿ ಹಬ್ಬ ಆಗಲೇ ನಡೆಯುತ್ತಿರುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಹಬ್ಬ ಅದು, ಈಗ ನೂರಾರು ಕುಟುಂಬಗಳು ತಂಡ ಇಳಿಸುತ್ತವೆ. ಫೈನಲ್ ದಿನ ನೀವು ಯಾರನ್ನೇ ಕರೆಸಿ, ಕುರ್ಚಿಗಳೇ ಕೇಳಬೇಕು. ಹಾಗಾಗಿ ಹಾಕಿ ವೇಳಾಪಟ್ಟಿ ನೋಡಿ, ಫೈನಲ್ ಇರುವ ಭಾನುವಾರ ಬಿಟ್ಟುಬಿಡಿ. ಮದುವೆ ಸೀಸನ್ ಕೂಡ ಇದೇ. ಆದರೆ ಬೆಳಗ್ಗೆ ಒಂಬತ್ತೂವರೆಗೆ ಮುಗಿಸಿದರೆ ಮದುವೆಗೆ ಹೋಗುವವರಿಗೂ ತೊಂದರೆ ಇಲ್ಲ. ಸೀರೆ ಉಟ್ಟುಕೊಂಡೇ ಬಂದು ಎರಡು ಹಾಡು ಕೇಳಿ ಹೋಗುವವರಿದ್ದಾರೆ.

ಏಪ್ರಿಲ್ 30 ಅಂತರರಾಷ್ಟ್ರೀಯ ಜಾಜ್ ದಿನ. ಯುನೆಸ್ಕೋ 2011ರಲ್ಲಿ ಘೋಷಿಸಿದ್ದು. ಅದರ ಹಿಂದಿನ ಅಥವಾ ಮುಂದಿನ ಭಾನುವಾರ ಒಂದು ಕಛೇರಿ ಇಟ್ಟುಕೊಂಡರೆ ಪತ್ರಿಕೆಯವರಿಗೆ ಬರೆಯಲು ಒಂದು ನೆಪ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಮಹತ್ವವನ್ನು ನಾನು ಆ ದಿನಕ್ಕೆ ಕೊಡುವುದಿಲ್ಲ.

ಎಷ್ಟು ಕಛೇರಿ? ಮೂರು. ಹೆಚ್ಚೆಂದರೆ ನಾಲ್ಕು. ಮೊದಲ ವರ್ಷದ ಹುಮ್ಮಸ್ಸಿನಲ್ಲಿ ಎಂಟು ಅಂತ ಘೋಷಣೆ ಮಾಡಬೇಡಿ.

ಬೆಳಗ್ಗೆ ಯಾಕೆ ಅಂದರೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹುಟ್ಟುವುದೇ ಬಿಸಿಲಿನಿಂದ. ಬೆಳಗ್ಗೆಯಿಂದ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ, ಮೂರು ಗಂಟೆಯ ಮೇಲೆ ಸುರಿಯುತ್ತದೆ. ಹಿಂದಿನ ರಾತ್ರಿ ಎಷ್ಟೇ ಹೊಡೆದಿರಲಿ, ಬೆಳಗ್ಗೆ ಏಳಕ್ಕೆ ಆಕಾಶ ಸಾಮಾನ್ಯವಾಗಿ ತೊಳೆದಿಟ್ಟ ಹಾಗೆ ಇರುತ್ತದೆ. ಮಂಜು ಇದ್ದರೂ ಬಿಸಿಲು ಬಂದ ಹಾಗೆ ಕರಗುತ್ತದೆ. ಇದು ಗ್ಯಾರಂಟಿ ಅಲ್ಲ, ಆದರೆ ಸಂಜೆಯ ಜೂಜಿಗಿಂತ ಎಷ್ಟೋ ವಾಸಿ.

ಬೇರೆ ಲಾಭಗಳೂ ಇವೆ. ಲೈಟಿನ ಖರ್ಚಿಲ್ಲ. ಮಕ್ಕಳು, ವಯಸ್ಸಾದವರು ಬರಬಹುದು. ಸಿದ್ದಾಪುರ ಕಡೆಯ ತೋಟದವರು ಸಂಜೆ ಕಾರ್ಯಕ್ರಮಕ್ಕೆ ಬಂದರೂ ಅರ್ಧದಲ್ಲೇ ಎದ್ದು ಹೋಗುತ್ತಾರೆ. ಕತ್ತಲಾದ ಮೇಲೆ ದಾರಿಯಲ್ಲಿ ಆನೆ. ಬೆಳಗ್ಗೆಯಾದರೆ ಅವರು ಕೊನೆತನಕ ಕೂರುತ್ತಾರೆ.

"ಜಾಜ್ ಅಂದ್ರೆ ರಾತ್ರಿ ಸಂಗೀತ ಅಲ್ವಾ?" ಅಂತ ಕೇಳುವವರು ಸಿಗುತ್ತಾರೆ. ಮಂದ ಬೆಳಕಿನ ಕ್ಲಬ್ಬುಗಳಲ್ಲಿ ಅದು ಬೆಳೆದದ್ದು ನಿಜ. ಆದರೆ ನ್ಯೂ ಆರ್ಲಿಯನ್ಸ್‌ನಲ್ಲಿ ಅದು ಹಗಲು ಹೊತ್ತಿನ ಬೀದಿ ಮೆರವಣಿಗೆಯಲ್ಲೂ, ಶವಯಾತ್ರೆಯಲ್ಲೂ ನುಡಿಯುತ್ತಿತ್ತು. ಪಾರ್ಕಿನಲ್ಲಿ ಪುಕ್ಕಟೆ ಜಾಜ್ ಅನ್ನುವುದೂ ಹೊಸದಲ್ಲ. ಶಿಕಾಗೋ ನಗರದ ಜಾಜ್ ಉತ್ಸವ 1979ರಿಂದ ಉಚಿತವಾಗಿಯೇ ನಡೆಯುತ್ತಿದೆ. ನ್ಯೂಯಾರ್ಕ್‌ನಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ವಾಸವಿದ್ದ ಮನೆಯ ಎದುರಿಗೇ ಒಂದು ಪಾರ್ಕ್ ಇದೆ. ಅವನ ಹೆಸರಿನ ಉಚಿತ ಉತ್ಸವ 1993ರಲ್ಲಿ ಶುರುವಾದದ್ದು ಅಲ್ಲೇ. ನಮಗೆ ಅಷ್ಟು ದೊಡ್ಡದು ಬೇಕಿಲ್ಲ. ಹುಲ್ಲಿನ ಮೇಲೆ ನೂರೈವತ್ತು ಜನ ಕೂತರೆ ಸಾಕು.

ಒಂದು ಎಚ್ಚರಿಕೆ. ಭಾನುವಾರ ಬೆಳಗ್ಗೆ ಚರ್ಚ್‌ನಲ್ಲಿ ಪೂಜೆ ಇರುತ್ತದೆ. ಪಾರ್ಕ್ ಹತ್ತಿರ ಚರ್ಚ್, ದೇವಸ್ಥಾನ, ಮಸೀದಿ ಏನಿದ್ದರೂ ಮೊದಲೇ ಹೋಗಿ ಮಾತಾಡಿ ಸಮಯ ಕೇಳಿಕೊಳ್ಳಿ. ಒಂದು ಲೋಟ ಕಾಫಿ ಕುಡಿದು ಮುಗಿಸುವ ಮಾತು ಅದು.

ಜಾಗ ನೋಡುವುದು

ಎಲ್ಲರ ತಲೆಗೆ ಮೊದಲು ಬರುವುದು ರಾಜಾಸೀಟ್. ಕಣಿವೆ, ಹೂತೋಟ, ಪ್ರವಾಸಿಗರು ಎಲ್ಲ ಇದೆ. ಆದರೆ ಅದು ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ, ಒಳಗೆ ಹೋಗಲು ಟಿಕೆಟ್ ಇದೆ. ಟಿಕೆಟ್ ತೆಗೆದುಕೊಂಡು ಬಂದು ಕೇಳಿ ಎಂದರೆ ಅದು ಉಚಿತ ಕಛೇರಿ ಆಗುವುದಿಲ್ಲ. ಜೊತೆಗೆ ವಾರಾಂತ್ಯದಲ್ಲಿ ಆ ರಸ್ತೆಯ ಪಾರ್ಕಿಂಗ್ ಗಲಾಟೆ ನಿಮಗೇ ಗೊತ್ತು. ಗಾಂಧಿ ಮೈದಾನ ದಸರಾ ಕಾರ್ಯಕ್ರಮಕ್ಕೆ ಸರಿ. ನಾಲ್ಕು ಜನರ ಜಾಜ್ ಬ್ಯಾಂಡ್ ಅಲ್ಲಿ ಕಳೆದುಹೋಗುತ್ತದೆ. ನಿಸರ್ಗಧಾಮದಂಥ ಅರಣ್ಯ ಇಲಾಖೆಯ ಜಾಗದಲ್ಲಿ ಮೈಕ್ ಹಾಕುವ ಯೋಚನೆಯನ್ನೇ ಬಿಡಿ.

ನಾನು ಹುಡುಕುವುದು ಇಂಥ ಜಾಗ: ಒಂದು ಸಣ್ಣ ಬಡಾವಣೆ ಪಾರ್ಕ್, ಮೂರು ಕಡೆ ಮರ ಅಥವಾ ದಿಬ್ಬ, ಹುಲ್ಲು ಸ್ವಲ್ಪ ಇಳಿಜಾರು. ಇಳಿಜಾರಿನ ಕೆಳಗೆ ಬ್ಯಾಂಡ್, ಮೇಲೆ ಜನ. ಆಗ ವೇದಿಕೆ ಕಟ್ಟುವ ಖರ್ಚೇ ಇಲ್ಲ. ನಮ್ಮೂರಿನಲ್ಲಿ ಸಮತಟ್ಟು ಜಾಗಕ್ಕೆ ಬರ, ಇಳಿಜಾರಿಗೆ ಬರವಿಲ್ಲ.

ಜಾಗವನ್ನು ಕಾರ್ಯಕ್ರಮದ ಸಮಯಕ್ಕೇ ಹೋಗಿ ನೋಡಿ. ಬೆಳಗ್ಗೆ ಏಳೂವರೆಗೆ ಸೂರ್ಯ ಪೂರ್ವದಲ್ಲಿ ತಗ್ಗಿನಲ್ಲಿರುತ್ತಾನೆ. ಬ್ಯಾಂಡ್ ಪೂರ್ವಕ್ಕೆ ಮುಖ ಮಾಡಿದರೆ ಅವರಿಗೆ ಕಣ್ಣು ಕುಕ್ಕುತ್ತದೆ, ಬ್ಯಾಂಡ್ ಪೂರ್ವದಲ್ಲಿ ನಿಂತರೆ ಜನರಿಗೆ. ಉತ್ತರ ಅಥವಾ ದಕ್ಷಿಣ ತುದಿಯಲ್ಲಿ ನಿಲ್ಲಿಸಿ. ಮತ್ತೆ ಸುಮ್ನೆ ಹತ್ತು ನಿಮಿಷ ಕೂತು ಕೇಳಿ. ಎಲ್ಲಿ ಬಸ್ ಗೇರ್ ಬದಲಿಸುತ್ತದೆ, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವ ಮೂಲೆಯಲ್ಲಿ ಗಾಳಿ ಬೀಸುತ್ತದೆ. ಮೈಕಿಗೆ ಗಾಳಿ ದೊಡ್ಡ ಶತ್ರು.

ಕೆಲವರು ಊರಿನ ಮಂದ್ ಯಾಕಾಗಬಾರದು ಅಂತ ಕೇಳುತ್ತಾರೆ. ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ್ ನಡೆಯುವ ಜಾಗ, ಟಿಕೆಟ್ ಇಲ್ಲದ ಬಯಲು ರಂಗ, ನಿಜ. ಆದರೆ ಅದಕ್ಕೆ ಅದರದೇ ಕಟ್ಟು ಇದೆ. ಊರಿನ ಹಿರಿಯರು ತಾವಾಗಿ ಕರೆದರೆ ಹೋಗಿ. ನೀವಾಗಿ ಕೇಳಬೇಡಿ.

ಅರ್ಜಿ, ಅನುಮತಿ

ಇದು ಬೇಜಾರಿನ ಭಾಗ. ಆದರೆ ಇಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ.

ಪಾರ್ಕ್ ಯಾರದು ಅಂತ ಮೊದಲು ಪಕ್ಕಾ ಮಾಡಿಕೊಳ್ಳಿ. ನಗರಸಭೆಯದೋ, ತೋಟಗಾರಿಕೆ ಇಲಾಖೆಯದೋ, ಬಡಾವಣೆ ಸಂಘದ್ದೋ. ಅವರಿಗೊಂದು ಅರ್ಜಿ, ಪೊಲೀಸರಿಗೊಂದು ಅರ್ಜಿ. ಕನಿಷ್ಠ ಒಂದು ತಿಂಗಳು ಮೊದಲು ಕೊಡಿ. ದಿನಾಂಕ, ಶುರುವಾಗುವ ಮತ್ತು ಮುಗಿಯುವ ಸಮಯ, ಅಂದಾಜು ಎಷ್ಟು ಜನ, ಎಷ್ಟು ಸ್ಪೀಕರ್, ಕಸ ಯಾರು ತೆಗೆಯುತ್ತಾರೆ, ಜವಾಬ್ದಾರಿ ಯಾರದು. ಇಷ್ಟೂ ಒಂದೇ ಪುಟದಲ್ಲಿ ಬರಬೇಕು. ಕೈಯಲ್ಲಿ ಬಿಡಿಸಿದ ಪಾರ್ಕಿನ ನಕ್ಷೆ ಒಂದು ಜೊತೆಗಿಡಿ. ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ನಮ್ಮ ಒಂದು ಅರ್ಜಿ ಒಂದು ಕಚೇರಿಯಲ್ಲಿ ಎರಡು ಸಲ ಕಳೆದುಹೋಯಿತು. ಆ ಸೀಲ್ ಇದ್ದದ್ದಕ್ಕೆ ಬಚಾವಾದೆವು.

ಶಬ್ದದ ನಿಯಮ ಗೊತ್ತಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಲೌಡ್‌ಸ್ಪೀಕರ್‌ಗೆ ಲಿಖಿತ ಅನುಮತಿ ಬೇಕೇಬೇಕು. ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್. ಸಾರ್ವಜನಿಕ ಜಾಗದಲ್ಲಿ ಸ್ಪೀಕರ್ ಹಾಕಿದಾಗ ಆ ಜಾಗದ ಗಡಿಯಲ್ಲಿ ಅದಕ್ಕಿಂತ 10 ಡೆಸಿಬಲ್ ಜಾಸ್ತಿಯವರೆಗೆ ಹೋಗಬಹುದು, ಅಂದರೆ 65. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಬೇಡವೇ ಬೇಡ. ಭಾನುವಾರ ಶಾಲೆಗೆ ರಜೆ ಅಂತ ವಾದ ಮಾಡಲು ಹೋಗಬೇಡಿ. ಫೋನಿನಲ್ಲಿ ಡೆಸಿಬಲ್ ತೋರಿಸುವ ಆಪ್ ಹಾಕಿಕೊಂಡು ಪಾರ್ಕಿನ ಬೇಲಿ ಹತ್ತಿರ ಒಬ್ಬರು ಓಡಾಡಲಿ. ಅದು ಕರಾರುವಾಕ್ ಇರುವುದಿಲ್ಲ, ಆದರೆ ಪಕ್ಕದ ಮನೆಯವರು ಕೇಳಿದಾಗ ತೋರಿಸಲು ಏನಾದರೂ ಇರುತ್ತದೆ.

ಚುನಾವಣೆ ವರ್ಷ ಆದರೆ ಇನ್ನೊಂದು ತೊಡಕು. 2023ರ ವಿಧಾನಸಭೆ ಮತದಾನ ಮೇ 10ಕ್ಕೆ ಬಂತು, 2024ರಲ್ಲಿ ನಮ್ಮ ಕ್ಷೇತ್ರದ ಲೋಕಸಭೆ ಮತದಾನ ಏಪ್ರಿಲ್ 26ಕ್ಕೆ. ಎರಡೂ ನಮ್ಮ ಐದು ವಾರದ ಒಳಗೇ. ನೀತಿ ಸಂಹಿತೆ ಇರುವಾಗ ಜನ ಸೇರುವ ಯಾವುದಕ್ಕೂ ಅನುಮತಿ ನಿಧಾನ. ಅಂಥ ವರ್ಷ ಯಾರದಾದರೂ ತೋಟದ ಬಂಗಲೆಯ ಅಂಗಳ ಕೇಳಿ ಇಟ್ಟುಕೊಂಡಿರಿ. ಅಲ್ಲೂ ಮೈಕಿಗೆ ಅನುಮತಿ ತೆಗೆದುಕೊಳ್ಳಲೇಬೇಕು.

ಹಾಡುಗಳ ಹಕ್ಕಿನ ವಿಷಯ ಜನ ಮರೆಯುತ್ತಾರೆ. ನಮ್ಮ ದೇಶದಲ್ಲಿ ಸಂಗೀತ ರಚನೆಯ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಡ್ಯೂಕ್ ಎಲಿಂಗ್ಟನ್ ತೀರಿಕೊಂಡದ್ದು 1974ರಲ್ಲಿ. ಅಂದರೆ ಅವನ ರಚನೆಗಳಿಗೆ 2034ರ ಕೊನೆತನಕ ಹಕ್ಕು ಇದೆ. ಹವ್ಯಾಸಿ ಸಂಘವೊಂದು ಹಣ ಕೊಡದ ಶ್ರೋತೃಗಳ ಮುಂದೆ ನುಡಿಸಿದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಸಂಭಾವನೆ ಕೊಟ್ಟು ವೃತ್ತಿಪರರನ್ನು ಕರೆಸಿದರೆ, ಪ್ರಾಯೋಜಕರ ಬ್ಯಾನರ್ ಕಟ್ಟಿದರೆ, ಆ ವಿನಾಯಿತಿಯನ್ನು ನಂಬಬೇಡಿ. ಹಾಡು ರಚಿಸಿದವರ ಪರವಾಗಿ ಲೈಸೆನ್ಸ್ ಕೊಡುವ ಐಪಿಆರ್‌ಎಸ್ ಸಂಸ್ಥೆಯಿಂದ ಲೈಸೆನ್ಸ್ ತೆಗೆದುಕೊಳ್ಳಿ. ಅಥವಾ ಬ್ಯಾಂಡಿನವರಿಗೆ ಅವರದೇ ರಚನೆ ನುಡಿಸಲು ಹೇಳಿ. ಅವರು ಖುಷಿಯಿಂದ ಒಪ್ಪುತ್ತಾರೆ.

ಉಚಿತ ಅಂದರೆ ಯಾರಿಗೆ?

ಕೇಳುವವರಿಗೆ ಉಚಿತ. ನುಡಿಸುವವರಿಗೆ ಅಲ್ಲ. "ಕೊಡಗು ನೋಡಿದ ಹಾಗೂ ಆಯ್ತು, ಬನ್ನಿ" ಅಂತ ಕಲಾವಿದರನ್ನು ಕರೆಯುವ ಚಾಳಿ ನಮ್ಮಲ್ಲಿದೆ. ಅದನ್ನು ಬಿಡಿ. ಸಿಕ್ಕ ದುಡ್ಡಿನಲ್ಲಿ ಅರ್ಧ ನೇರ ಕಲಾವಿದರಿಗೆ ಹೋಗಬೇಕು. ಉಳಿದ ಅರ್ಧದಲ್ಲಿ ಸೌಂಡು, ಪ್ರಯಾಣ, ಕಾಫಿ, ಕಸ. ಹೊಂದದಿದ್ದರೆ ಒಂದು ಕಛೇರಿ ಕಡಿಮೆ ಮಾಡಿ. ಸಂಭಾವನೆ ಕಡಿಮೆ ಮಾಡಬೇಡಿ.

ದುಡ್ಡು ಎಲ್ಲಿಂದ? ದೊಡ್ಡ ಪ್ರಾಯೋಜಕರ ಹಿಂದೆ ಓಡಿ ನಾವು ಒಂದು ವರ್ಷ ಹಾಳು ಮಾಡಿಕೊಂಡೆವು. ಸಣ್ಣ ಸಣ್ಣ ಕೈ ಹಿಡಿದರೆ ಬೇಗ ಆಗುತ್ತದೆ. ಒಬ್ಬ ಹೋಂಸ್ಟೇಯವರು ಎರಡು ಕೋಣೆ ಕೊಡುತ್ತಾರೆ, ಒಬ್ಬರು ಕಾಫಿ ಪುಡಿ, ಒಬ್ಬರು ಜೀಪು. ಕೋಣೆ ಮುಖ್ಯ. ಬೆಳಗ್ಗೆ ಕಛೇರಿ ಅಂದರೆ ಕಲಾವಿದರು ಶನಿವಾರ ರಾತ್ರಿಯೇ ಬಂದು ಉಳಿಯಬೇಕು. ಶನಿವಾರ ರಾತ್ರಿ ಬೇಸಿಗೆಯಲ್ಲಿ ಮಡಿಕೇರಿಯಲ್ಲಿ ಕೋಣೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಬೆಳಗ್ಗೆ ಯೋಜನೆಯಲ್ಲಿ ಇದೊಂದೇ ನಷ್ಟ. ಪ್ರೇಕ್ಷಕರ ನಡುವೆ ಡಬ್ಬಿ ತಿರುಗಿಸುವುದನ್ನೂ ಮಾಡಿ ನೋಡಿದೆವು. ಚಿಲ್ಲರೆ ಬಂತು, ಮುಜುಗರ ಜಾಸ್ತಿ ಬಂತು. ಈಗ ಗೇಟಿನ ಹತ್ತಿರ ಒಂದು ಕ್ಯೂಆರ್ ಕೋಡ್ ಅಂಟಿಸಿ ಸುಮ್ಮನಿರುತ್ತೇವೆ.

ಯಾರನ್ನು ಕರೆಯುವುದು

ನಾಲ್ಕು ಜನ ಸಾಕು. ಸ್ಯಾಕ್ಸೋಫೋನ್ ಅಥವಾ ಟ್ರಂಪೆಟ್, ಗಿಟಾರ್ ಅಥವಾ ಕೀಬೋರ್ಡ್, ಬೇಸ್, ಡ್ರಮ್ಸ್. ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿಲೋಮೀಟರ್, ಬೆಂಗಳೂರು 250ರ ಮೇಲೆ. ರೈಲು ನಮಗಿಲ್ಲ. ದೊಡ್ಡ ಬ್ಯಾಂಡ್ ಕರೆದರೆ ವಾಹನದ ಖರ್ಚೇ ನುಂಗುತ್ತದೆ. ಡ್ರಮ್ ಸೆಟ್ ಮತ್ತು ಆಂಪ್ಲಿಫೈಯರ್ ಇಲ್ಲೇ ಹೊಂದಿಸಿಕೊಂಡರೆ ಅವರು ಒಂದು ಕಾರಿನಲ್ಲಿ ಬರಬಹುದು.

ಊರಿನಲ್ಲೂ ಹುಡುಕಿ. ಚರ್ಚ್ ಕಾಯರ್‌ನಲ್ಲಿ ಗಿಟಾರ್ ಹಿಡಿಯುವವರು, ಶಾಲಾ ಬ್ಯಾಂಡಿನ ಮಕ್ಕಳು, ಸೇನೆಯಿಂದ ನಿವೃತ್ತರಾಗಿ ಬಂದವರು. ಸೈನಿಕರ ಜಿಲ್ಲೆ ಇದು. ಎಲ್ಲೋ ಒಂದು ಮನೆಯ ಅಟ್ಟದಲ್ಲಿ ಕ್ಲಾರಿನೆಟ್ ಇರದೇ ಹೋಗುವುದಿಲ್ಲ.

"ಸ್ಯಾಕ್ಸೋಫೋನ್ ನಮ್ಮದಲ್ಲ" ಅನ್ನುವವರಿಗೆ ನಾನು ಕದ್ರಿ ಗೋಪಾಲನಾಥರ ಕಥೆ ಹೇಳುತ್ತೇನೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ಗೋಪಾಲನಾಥರು ಅದನ್ನು ಮೊದಲು ನೋಡಿದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಲು ವರ್ಷಗಟ್ಟಲೆ ಒದ್ದಾಡಿ ಕಲಿತರು. 1980ರಲ್ಲಿ ಬಾಂಬೆಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ ತಾನೂ ಜೊತೆಗೆ ನುಡಿಸಿದ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಅಮೆರಿಕದ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ ಧ್ವನಿಮುದ್ರಿಕೆಯನ್ನೇ ತಂದರು. ಕೊಡಗಿನಿಂದ ಘಟ್ಟ ಇಳಿದರೆ ದಕ್ಷಿಣ ಕನ್ನಡದ ಜಾತ್ರೆ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ಇವತ್ತಿಗೂ ಮಾಮೂಲಿ. ನಮ್ಮದಲ್ಲ ಅನ್ನಲು ಏನು ಉಳಿದಿದೆ?

ಪ್ರತಿ ಕಛೇರಿಯ ಮೊದಲ ಇಪ್ಪತ್ತು ನಿಮಿಷ ಊರಿನ ಸಂಗೀತಕ್ಕೆ ಬಿಡಿ. ನಾವು ಒಂದು ಸಲ ನಾಲ್ಕು ಜನ ಹಿರಿಯರನ್ನು ದುಡಿ ಅನ್ನುವ ಸಣ್ಣ ಚರ್ಮವಾದ್ಯದೊಂದಿಗೆ ಕೊಡವರ ಸಾಂಪ್ರದಾಯಿಕ ಹಾಡು ಬಾಳೋಪಾಟ್ ಹಾಡಲು ಕರೆದೆವು. ಇಬ್ಬರು ಒಂದು ಸಾಲು ಹೇಳುವುದು, ಇನ್ನಿಬ್ಬರು ಅದನ್ನು ಎತ್ತಿಕೊಳ್ಳುವುದು. ಬ್ಯಾಂಡಿನ ಡ್ರಮ್ಮರ್ ಹುಡುಗ ಕಾಫಿ ಲೋಟ ಕೆಳಗಿಟ್ಟ. ಹುಲ್ಲಿನ ಮೇಲೆ ಅವರ ಎದುರಿಗೇ ಹೋಗಿ ಕೂತ. ಬೆರಳಿನಿಂದ ಮಂಡಿ ಮೇಲೆ ತಟ್ಟುತ್ತಾ ಎಲ್ಲೋ ತಪ್ಪಿ, ನಕ್ಕು, ಮತ್ತೆ ಹಿಡಿದ. ಮುಗಿದ ಮೇಲೆ ಒಬ್ಬ ಹಿರಿಯರು ಏನೂ ಮಾತಾಡದೆ ದುಡಿಯನ್ನು ಅವನ ಕೈಗೆ ಕೊಟ್ಟರು. ಅವನು ಬಾರಿಸಿದ್ದು ಸರಿ ಇರಲಿಲ್ಲ. ಆದರೆ ಆವತ್ತು ಅವನ ಕೊನೆಯ ಸೋಲೋದಲ್ಲಿ ದುಡಿಯ ಆ ಲಯ ಎಲ್ಲೋ ಒಳಗೆ ಬಂದು ಹೋಯಿತು. ಹಿಂದೆ ಕೂತಿದ್ದ ಇಬ್ಬರು ಅಜ್ಜಿಯರ ತಲೆ ಒಟ್ಟಿಗೇ ಮೇಲೆದ್ದಿತು.

ಇದನ್ನು "ಫ್ಯೂಷನ್" ಅಂತ ಪೋಸ್ಟರ್‌ನಲ್ಲಿ ಹಾಕಬೇಡಿ. ರಿಹರ್ಸಲ್ ಮಾಡಿಸಿ ಬೆರೆಸಲೂ ಹೋಗಬೇಡಿ. ಅಕ್ಕಪಕ್ಕ ಕೂರಿಸಿ, ಸಾಕು. ವಾಲಗದವರನ್ನು ಮಾತ್ರ ಶುರುವಿಗೆ ಕರೆಯಬೇಡಿ. ವಾಲಗ ಕೇಳಿದ ಮೇಲೆ ಈ ಜಿಲ್ಲೆಯಲ್ಲಿ ಎಲ್ಲರೂ ಕುಣಿಯಲು ಏಳುತ್ತಾರೆ, ಯಾರೂ ಕೂತು ಕೇಳುವ ಮನಸ್ಸಿನಲ್ಲಿ ಇರುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಸೌಂಡು

ನೂರೈವತ್ತು ಜನರಿಗೆ ಎರಡು ಸ್ಪೀಕರ್ ಸಾಕು. ಸ್ಟ್ಯಾಂಡಿನ ಮೇಲೆ ಕೂತವರ ತಲೆಗಿಂತ ಎತ್ತರಕ್ಕೆ ಇಡಿ. ಡ್ರಮ್ಸ್‌ಗೆ ಮೈಕ್ ಬೇಡ, ಅದರ ಸ್ವಂತ ಶಬ್ದವೇ ಸಾಕು. ಮದುವೆಗೆ ಸೌಂಡ್ ಹಾಕುವವರು ಬಂದರೆ ಸಬ್‌ವೂಫರ್ ಇಳಿಸಲು ನೋಡುತ್ತಾರೆ. ಲಾರಿಯಲ್ಲೇ ಇರಲಿ ಅನ್ನಿ. ಹಿಂದೆ ಕೂತವರಿಗೆ ಕೇಳಲ್ಲ ಅಂತ 30 ಮೀಟರ್ ಹಿಂದೆ ಇನ್ನೆರಡು ಸ್ಪೀಕರ್ ಇಡುತ್ತೇವೆ ಅಂದರೂ ಒಪ್ಪಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮುಂದಿನ ಸ್ಪೀಕರಿನ ಶಬ್ದ ಹಿಂದೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ. ಹಿಂದಿನವರಿಗೆ ಪ್ರತಿ ಏಟೂ ಎರಡೆರಡು ಸಲ ಕೇಳಿ ಲಯವೇ ಕೆಡುತ್ತದೆ. ಜನರನ್ನು ಮುಂದೆ ಕರೆದು ಕೂರಿಸುವುದು ಸುಲಭ.

ಕರೆಂಟ್‌ಗೆ ಪಾರ್ಕಿನದೇ ಸಂಪರ್ಕ ಸಿಕ್ಕರೆ ಒಳ್ಳೆಯದು, ಬ್ಯಾಟರಿ ಸ್ಪೀಕರ್ ಸಿಕ್ಕರೆ ಇನ್ನೂ ಒಳ್ಳೆಯದು. ಜನರೇಟರ್ ತರಲೇಬೇಕಾದರೆ 25 ಮೀಟರ್ ದೂರ, ಒಂದು ಗೋಡೆಯ ಹಿಂದೆ. ಯಾವ ಪ್ಲಗ್ಗೂ ಹುಲ್ಲಿಗೆ ತಾಗಬಾರದು. ಬೆಳಗಿನ ಇಬ್ಬನಿಗೆ ಹುಲ್ಲು ಒದ್ದೆ ಇರುತ್ತದೆ. ಜೋಡಣೆಗಳನ್ನೆಲ್ಲ ಇಟ್ಟಿಗೆ ಮೇಲೆ ಎತ್ತಿಡಿ, ಕರೆಂಟ್ ಲೀಕೇಜ್ ಆದರೆ ತಾನಾಗಿ ಆಫ್ ಆಗುವ ಸ್ವಿಚ್ ಇರುವ ಬೋರ್ಡೇ ಬಳಸಿ.

ಶ್ರುತಿಯ ವಿಷಯ ಕಲಾವಿದರಿಗೆ ಮೊದಲೇ ಹೇಳಿ. ಏಳು ಗಂಟೆಗೆ ಚಳಿ, ಒಂಬತ್ತಕ್ಕೆ ಬಿಸಿಲು. ಗಾಳಿ ಬಿಸಿಯಾದಂತೆ ಸ್ಯಾಕ್ಸೋಫೋನಿನ ಶ್ರುತಿ ಏರುತ್ತದೆ. ಬಿಸಿಲಿಗೆ ಗಿಟಾರಿನ ತಂತಿ ಸಡಿಲಾಗಿ ಇಳಿಯುತ್ತದೆ. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಎಂಟೂವರೆಗೆ ಒಂದು ವಿರಾಮ ಕೊಟ್ಟು ಮತ್ತೆ ಶ್ರುತಿ ಮಾಡಲು ಬಿಡಿ. ಜನರಿಗೂ ಕಾಫಿ ಕುಡಿಯಬೇಕಲ್ಲ.

ಜನರಿಗೆ ಹೇಳಬೇಕಾದ್ದು

ಪ್ರಚಾರಕ್ಕೆ "ಶಕ್ತಿ" ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ, ಮಡಿಕೇರಿ ಆಕಾಶವಾಣಿಯಲ್ಲಿ ಒಂದು ಪ್ರಕಟಣೆ, ವಾಟ್ಸಾಪ್. ಶುಕ್ರವಾರದ ಸಂತೆಯಲ್ಲಿ ಇನ್ನೂರು ಚೀಟಿ ಹಂಚಿದರೆ ಅದು ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಚೀಟಿಯಲ್ಲಿ ಹೊದೆಯಲು ಶಾಲು, ಕೂರಲು ಚಾಪೆ, ಚಾಪೆಯ ಕೆಳಗೆ ಹಾಸಲು ಹಳೇ ಗೊಬ್ಬರದ ಚೀಲ, ಕುಡಿಯಲು ಸ್ಟೀಲ್ ಲೋಟ ತನ್ನಿ ಅಂತ ಬರೆಯಿರಿ. ನಾವು ಬೆಲ್ಲದ ಕಾಫಿ ಕೊಡುತ್ತೇವೆ, ಲೋಟ ಕೊಡುವುದಿಲ್ಲ. ಹೀಗೆ ಮಾಡಿದ ಮೇಲೆ ಕಸ ಒಂದು ಬಕೆಟ್‌ಗೆ ಇಳಿಯಿತು.

ಜಾಜ್ ಎಂದರೇನು ಅಂತ ಭಾಷಣ ಬೇಡ. ಎರಡು ನಿಮಿಷ ಸಾಕು. ಮೊದಲು ಎಲ್ಲರೂ ಸೇರಿ ಒಂದು ರಾಗದ ಎಳೆ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೂ ಅದನ್ನು ಹಿಡಿದು ತಮಗೆ ತೋಚಿದ ಹಾಗೆ ಬೆಳೆಸುತ್ತಾರೆ, ಕೊನೆಗೆ ಮತ್ತೆ ಎಲ್ಲರೂ ಆ ಎಳೆಗೆ ವಾಪಸ್ ಬರುತ್ತಾರೆ. ತನಿ ಆವರ್ತನದಲ್ಲಿ ಮೃದಂಗ, ಘಟ ಸವಾಲ್ ಜವಾಬ್ ಮಾಡುವ ಹಾಗೆ ಇಲ್ಲೂ ತಾಳದ ನಾಲ್ಕು ನಾಲ್ಕು ಆವರ್ತ ಹಂಚಿಕೊಂಡು ನುಡಿಸುತ್ತಾರೆ. ಒಬ್ಬರ ಸರದಿ ಮುಗಿದಾಗ ಹಾಡಿನ ಮಧ್ಯದಲ್ಲೇ ಚಪ್ಪಾಳೆ ತಟ್ಟಬಹುದು. ಇದನ್ನು ಹೇಳದಿದ್ದರೆ ನಮ್ಮ ಜನ ಕೊನೆತನಕ ಮರ್ಯಾದೆಯಿಂದ ಕೈಕಟ್ಟಿ ಕೂರುತ್ತಾರೆ, ಬ್ಯಾಂಡಿನವರು ಇವರಿಗೆ ಹಿಡಿಸಲಿಲ್ಲ ಅಂದುಕೊಳ್ಳುತ್ತಾರೆ. ಒಂದು, ಎರಡು, ಮೂರು, ನಾಲ್ಕು ಎಣಿಸಿ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ಹಾಕುವುದನ್ನು ಮಕ್ಕಳಿಗೆ ಕಲಿಸಿ. ದೊಡ್ಡವರು ತಾವಾಗಿ ಕಲಿಯುತ್ತಾರೆ.

ಹೇಳಿಕೆಗಳು ಕನ್ನಡದಲ್ಲಿರಲಿ, ನಡುವೆ ಒಂದೆರಡು ಮಾತು ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ. ಅತಿಥಿಗಳ ಭಾಷಣ, ಹಾರ, ಶಾಲು ಬೇಡವೇ ಬೇಡ. ಒಂಬತ್ತೂವರೆಗೆ ಖಂಡಿತ ಮುಗಿಸಿ. ಭಾನುವಾರ ಒಂಬತ್ತೂವರೆ ದಾಟಿದರೆ ಗಂಡಸರು ಮಾಂಸದಂಗಡಿ ಕ್ಯೂ ನೆನೆದು ಚಡಪಡಿಸುತ್ತಾರೆ. ಕೈಯಲ್ಲಿ ಚೀಲ ಹಿಡಿದೇ ಬಂದಿರುತ್ತಾರೆ, ನೋಡಿ ಬೇಕಾದರೆ.

ಮಳೆ ಬಂದೇ ಬಂದರೆ

ಬೆಳಗ್ಗೆಯೂ ಒಮ್ಮೊಮ್ಮೆ ಕೈಕೊಡುತ್ತದೆ. ಹಿಂದಿನ ದಿನ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಬೆಳಗ್ಗೆ ಐದಕ್ಕೆ ಎದ್ದು ಆಕಾಶ ನೋಡಿ. ಸಿಡಿಲಿಗೆ "ದಾಮಿನಿ" ಆಪ್ ಇಟ್ಟುಕೊಳ್ಳಿ. ನಡೆಯುತ್ತೋ ಇಲ್ಲವೋ ಅನ್ನುವುದನ್ನು ಆರು ಗಂಟೆಗೆ ಒಬ್ಬರೇ ತೀರ್ಮಾನಿಸಬೇಕು. ಸಮಿತಿ ಕೂತು ಚರ್ಚೆ ಮಾಡಿದರೆ ಅಷ್ಟರಲ್ಲಿ ನೆನೆದಿರುತ್ತೀರಿ. ಆರೂ ಕಾಲಕ್ಕೆ ವಾಟ್ಸಾಪ್‌ನಲ್ಲಿ ಒಂದೇ ಸಾಲು ಹಾಕಿ.

ಕಛೇರಿ ನಡುವೆ ಗುಡುಗು ಕೇಳಿದರೆ ಹಾಡು ಮುಗಿಯಲಿ ಅಂತ ಕಾಯಬೇಡಿ. ಕೂಡಲೇ ಕರೆಂಟ್ ತೆಗೆಸಿ, ಜನರನ್ನು ಗಟ್ಟಿ ಕಟ್ಟಡದೊಳಗೆ ಕಳಿಸಿ. ಮರದ ಕೆಳಗೆ ಯಾರೂ ನಿಲ್ಲಬಾರದು, ಕಬ್ಬಿಣದ ಕಂಬದ ಶಾಮಿಯಾನದ ಕೆಳಗೂ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಶುರು ಮಾಡಬೇಡಿ. ಹತ್ತಿರದ ಶಾಲೆ ಅಥವಾ ಸಮುದಾಯ ಭವನದ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನು ಮೊದಲೇ ತಿಳಿದುಕೊಂಡಿರಿ. ಒಳಗೆ ಹೋದ ಮೇಲೆ ಮೈಕಿಲ್ಲದೆ ನುಡಿಸಿದ ಅರ್ಧ ಗಂಟೆಯೇ ಚೆನ್ನಾಗಿತ್ತು ಅಂತ ಈಗಲೂ ಹೇಳುವವರಿದ್ದಾರೆ.

ಬರೀ ತುಂತುರು ಆದರೆ ಟಾರ್ಪಾಲಿನ್ ಸಾಕು. ಅದನ್ನು ಬಾಡಿಗೆಗೆ ತರಬೇಡಿ. ಕಣದಲ್ಲಿ ಕಾಫಿ ಮುಚ್ಚುವ ಟಾರ್ಪಾಲಿನ್ ಕೊಯ್ಲು ಮುಗಿದ ಮೇಲೆ ಪ್ರತಿ ತೋಟದ ಗೋಡೌನ್‌ನಲ್ಲೂ ಸುಮ್ಮನೆ ಬಿದ್ದಿರುತ್ತದೆ. ಎರಡು ಕೇಳಿ ತಂದು ಮಿಕ್ಸರ್ ಮತ್ತು ಆಂಪ್ಲಿಫೈಯರ್ ಪಕ್ಕದಲ್ಲೇ ಮಡಚಿ ಇಟ್ಟಿರಿ. ಸೋಮವಾರ ಬಿಸಿಲಿಗೆ ಹರಡಿ, ಎರಡೂ ಬದಿ ಒಣಗಿಸಿ, ಮಣ್ಣು ಕೊಡವಿ, ತಂದ ಹಾಗೇ ಮಡಚಿ ವಾಪಸ್ ಕೊಡಿ. ನಾವು ಒಮ್ಮೆ ಒದ್ದೆಯದ್ದನ್ನೇ ಸುತ್ತಿ ಕೊಟ್ಟಿದ್ದೆವು. ಮುಂದಿನ ವರ್ಷ ಕೇಳಲು ಹೋದಾಗ ಆ ಮನೆಯವರು ಕಾಫಿ ಕೊಟ್ಟರು, ಟಾರ್ಪಾಲಿನ್ ಕೊಡಲಿಲ್ಲ.